ನಾಗಪ್ಪನವರ ಮೀಟರು

ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದಾಗ ನನ್ನನ್ನು ಹೂವಿನಹಡಗಲಿ ಕಡೆಯ ಒಂದು ವಿದ್ಯುತ್ ಉಪಕೇಂದ್ರಕ್ಕೆ ಹಾಕಿದರು. ಹೆಂಡತಿ ತೀರಿಕೊಂಡು ವರ್ಷವಾಗಿರಲಿಲ್ಲ. ಊರ ಹೊರಗಿನ ಆ ಕಟ್ಟಡದಲ್ಲಿ ಮಾತಿಗೆ ಸಿಗುತ್ತಿದ್ದುದು ಫೋನೊಂದೇ. ಕರೆಂಟ್ ಯಾವಾಗ ಎಂದು ರೈತರು ದಿನವಿಡೀ ಬೈಯುತ್ತಿದ್ದರು. ಬೈಗುಳವಾದರೂ ಮನುಷ್ಯರ ದನಿಯಲ್ಲವೇ, ನನಗೆ ಬೇಸರವಿರಲಿಲ್ಲ.

ಆಗ ಪಂಪ್‌ಸೆಟ್‌ಗಳಿಗೆ ಹಗಲಲ್ಲೇ ಸೋಲಾರ್ ವಿದ್ಯುತ್ ಕೊಡುವ ವ್ಯವಸ್ಥೆ ಬಂತು. ಬಿಸಿಲಿದ್ದಾಗ ವಿದ್ಯುತ್ತಿಗೆ ಬರವಿಲ್ಲ. ಆದರೆ ಲೈನಿಗೆ ಕರೆಂಟ್ ಬಂದೊಡನೆ ಮೋಟಾರನ್ನು ತಾನಾಗಿ ಎಬ್ಬಿಸುವ ಆಟೋ ಸ್ಟಾರ್ಟರ್ ಪೆಟ್ಟಿಗೆ ಎಲ್ಲರಲ್ಲೂ ಇತ್ತು. ಎಲ್ಲ ಮೋಟಾರು ಒಟ್ಟಿಗೆ ಎದ್ದರೆ ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಅದಕ್ಕೆ ಸ್ಮಾರ್ಟ್ ಮೀಟರ್ ಹಾಕಿ, ಪಂಪುಗಳನ್ನು ಮೂರು ಸರದಿ ಮಾಡಿ, ಸರದಿಯ ಹೊತ್ತು ಮೊಬೈಲಿಗೆ ಸಂದೇಶವಾಗಿ ಹೋಗುವಂತೆ ಮಾಡಿದೆವು. ಆಟೋ ಸ್ಟಾರ್ಟರ್ ತೆಗೆಯಿರಿ, ಹೇಳುವ ತನಕ ಬಟನ್ ಒತ್ತಬೇಡಿ, ಸರದಿ ಬಿಟ್ಟು ಒಬ್ಬರು ಒತ್ತಿದರೂ ಎಲ್ಲರದೂ ಸುಟ್ಟೀತು ಎಂದು ಹೊಲ ಹೊಲ ಸುತ್ತಿ ಹೆದರಿಸಿದವನು ನಾನೇ. ಬೈಗುಳದ ಫೋನು ನಿಂತುಹೋಯಿತು. ಮೇಲಿನವರು ಹೊಗಳಿದರು. ನನಗೆ ಹೊತ್ತು ಕಳೆಯುವುದೇ ಕಷ್ಟವಾಯಿತು.

ಒಂದು ಮಧ್ಯಾಹ್ನ ಕಂಪ್ಯೂಟರಿನಲ್ಲಿ ನಾಗಪ್ಪ ಎಂಬವರ ಮೀಟರು ಸರದಿ ಶುರುವಾದಂದಿನಿಂದ, ಆರು ದಿನವೂ ಸೊನ್ನೆ ತೋರಿಸುತ್ತಿತ್ತು. 'ಬಳಕೆಯಲ್ಲಿಲ್ಲ' ಎಂದು ಬರೆದು ಕೈತೊಳೆದುಕೊಳ್ಳಬಹುದಿತ್ತು. ಕೂತು ಕೂತು ಸಾಕಾಗಿ ಬೈಕ್ ಹತ್ತಿದೆ.

ಅದೊಂದು ಅರ್ಧ ಎಕರೆ ಮಲ್ಲಿಗೆ ತೋಟ. ಮೊಗ್ಗು ಬಾಡಿ ಉದುರಿದ್ದವು. ನಾಗಪ್ಪನವರ ಹೆಂಡತಿ ಕೊಟ್ರಮ್ಮ ಒಬ್ಬರೇ ಕೊಡದಲ್ಲಿ ನೀರು ಹೊತ್ತು ಗಿಡಕ್ಕೆ ಹಾಕುತ್ತಿದ್ದರು. ನಾಗಪ್ಪ ತೀರಿಹೋಗಿ ಮೂರು ವರ್ಷವಾಗಿತ್ತು. ಸರದಿಯ ಸಂದೇಶಗಳೆಲ್ಲ ಆ ತೀರಿಹೋದವರ ಮೊಬೈಲಿಗೆ ಹೋಗುತ್ತಿದ್ದವು. ಅದು ಆರಿಹೋಗಿ ಟ್ರಂಕಿನಲ್ಲಿತ್ತು. ಪಕ್ಕದವರು ಒತ್ತು ಎಂದರೂ ಈಕೆ ಒತ್ತಿರಲಿಲ್ಲ.

"ಹೇಳೋತನಕ ಒತ್ತಬ್ಯಾಡ್ರಿ ಅಂದಿದ್ರಿ. ಯಾರೂ ಹೇಳಲಿಲ್ರಿ," ಎಂದರು.

ನೆಟ್ಟಗೆ ಸ್ಟಾರ್ಟರ್ ಬಳಿ ಹೋದೆ. ಅದು ಅವರ ಸರದಿಯ ಹೊತ್ತಲ್ಲದಿದ್ದರೂ ನಾನೇ ಬಟನ್ ಒತ್ತಿದೆ. ನೀರು ಬಂತು. ಏನೂ ಸುಡಲಿಲ್ಲ.

ಮೀಟರನ್ನು ಅವರ ಹೆಸರಿಗೆ ಮಾಡಿಕೊಡುತ್ತೇನೆ ಎಂದೆ. "ಅವರ ಹೆಸರು ಇರ್ಲಿ ಬಿಡ್ರಿ. ಕಾಗದದಾಗಾದ್ರೂ ಅದಾರ," ಎಂದರು. ಅವರಿಗೆ ಓದಲು ಬಾರದು. ಹಾಗಾಗಿ ನಾಗಪ್ಪನವರ ನಂಬರಿನ ಜಾಗದಲ್ಲಿ ನನ್ನ ನಂಬರು ಬರೆಸಿದೆ. ಸಂದೇಶ ಬಂದಾಗ ನಾನು ಕೊಟ್ರಮ್ಮನವರ ಸಣ್ಣ ಫೋನಿಗೆ ಕರೆ ಮಾಡಿ ಹೇಳುತ್ತಿದ್ದೆ. ಅವರು "ನೀರು ಬಂತ್ರಿ" ಎಂದು ಫೋನ್ ಇಡುತ್ತಿದ್ದರು. ಎಷ್ಟೋ ಸಲ ಇಡೀ ದಿನಕ್ಕೆ ನಾನು ಆಡಿದ ಮಾತು ಅಷ್ಟೇ.

ಮೀಟರಿನ ಸೊನ್ನೆಯ ಹಿಂದೆ ಯಾರೋ ಕಾಯುತ್ತಿರಬಹುದು, ಹೋಗಿ ನೋಡದೆ ಬರೆಯಬಾರದು ಎಂದು ಈ ನೌಕರಿ ನನಗೆ ಕಲಿಸಿದ್ದು ಹೀಗೆ, ತೀರ ತಡವಾಗಿ.

ನಿವೃತ್ತಿಯಾದ ಮರುದಿನ ಹಗರಿಬೊಮ್ಮನಹಳ್ಳಿಯ ನನ್ನ ಮನೆಯಲ್ಲಿ ಸುಮ್ಮನೆ ಕೂತಿದ್ದಾಗ ಸಂದೇಶ ಬಂತು. ನಂಬರು ಬದಲಿಸುವುದನ್ನು ಮರೆತಿದ್ದೆ. ಫೋನ್ ಮಾಡಿ, ಒತ್ತಿರಿ ಅಮ್ಮಾ ಎಂದೆ. ನೀರು ಬಂತೆಂದರು. ಅಂದು ಮಾತ್ರ ಫೋನ್ ಇಡಲಿಲ್ಲ.

"ನೀವು ಉಂಡ್ರೇನ್ರಿ?"

ಹೆಂಡತಿ ಹೋದ ಮೇಲೆ ನನ್ನನ್ನು ಯಾರೂ ಅದನ್ನು ಕೇಳಿರಲಿಲ್ಲ. ನಂಬರು ಇನ್ನೂ ಬದಲಿಸಿಲ್ಲ.