ಮುದಿ ರಾಣಿಯನ್ನು ತೆಗೆದವರು ಯಾರು

ನಮ್ಮ ಮನೆಯಲ್ಲಿ ಈಗಲೂ ಹೇಳುವುದು ಹೀಗೆ: ಆ ವರ್ಷ ಚಳಿಗೆ ಮುಂಚೆ ಕಾಕಾ ಜೇನುಪೆಟ್ಟಿಗೆಯ ಮುದಿ ರಾಣಿಯನ್ನು ಹೊಸಕಿಹಾಕಿದ, ಚಿಗವ್ವ ತಡೆಯಲಾರದೆ ಅತ್ತಳು. ಕೇಳಲು ಚೆಂದ. ಗಂಡನದು ಕಲ್ಲು ಮನಸ್ಸು, ಹೆಂಡತಿಯದು ಬೆಣ್ಣೆ, ಯಾರದೂ ತಕರಾರಿಲ್ಲ. ಹೇಳುವವರಲ್ಲಿ ಒಬ್ಬರಾದರೂ ಅಂದು ಹೊಲದಲ್ಲಿದ್ದಿರೇನು ಎಂದು ನಾನು ಕೇಳಿದರೆ ಮಾತ್ರ, “ಸುರು ಆತು ನೋಡು ಇವನ ಚರ್ಚಾಸ್ಪರ್ಧೆ” ಎನ್ನುತ್ತಾರೆ. ನಾನಿದ್ದೆ. ಪೆಟ್ಟಿಗೆಯ ಮುಚ್ಚಳ ಹಿಡಿದು ನಿಂತಿದ್ದೆ.

ತೊಂಬತ್ತರ ದಶಕದ ಕೊನೆ, ನಾನಾಗ ಕಾಲೇಜಿನಲ್ಲಿದ್ದೆ, ಚರ್ಚಾಸ್ಪರ್ಧೆಗಳಲ್ಲಿ ಕಪ್ಪು ಗೆದ್ದು ತರುತ್ತಿದ್ದೆ. ಸವದತ್ತಿ ಕಡೆಯ ನಮ್ಮ ಹೊಲದ ಬದುವಿನಲ್ಲಿ ಎರಡು ಪೆಟ್ಟಿಗೆಗಳಿದ್ದವು, ಎರಡೂ ಚಿಗವ್ವನವು. ಒಂದರ ಹುಳಗಳನ್ನು ಹೂಲಿಯ ತವರುಮನೆಯ ಗೋಡೆಯಿಂದ ಅವಳೇ ಬಿಡಿಸಿ ತಂದಿದ್ದಳು. ಸೀಗಿ ಹುಣ್ಣಿಮೆಗೆ ಹೊಲದಲ್ಲಿ ಚರಗ ಚೆಲ್ಲಿ, ಅಂದರೆ ಬಸುರಿ ಭೂಮಿಗೆ ಬಯಕೆಯ ಊಟ ಬಡಿಸಿ, ಮರುದಿನ ಪೆಟ್ಟಿಗೆ ಬಿಚ್ಚುವುದು ಅವರ ರೂಢಿ. ಚಳಿಯಲ್ಲಿ ಕುಸುಬೆ ಹೂಬಿಡುವ ಹೊತ್ತಿಗೆ ಹುಳ ತುಂಬಿರಬೇಕೆಂದರೆ ರಾಣಿ ಆಗಲೇ ಚೆನ್ನಾಗಿ ಮೊಟ್ಟೆ ಇಡುತ್ತಿರಬೇಕು.

ಮೊದಲ ಪೆಟ್ಟಿಗೆ ಸರಿಯಿತ್ತು. ಚಿಗವ್ವ ಬಿಸಿಲಿಗೆ ಬೆನ್ನು ಮಾಡಿ ಮೇಣದ ಎರಿಯನ್ನು ಓರೆ ಮಾಡಿದಳು. ಗೂಡುಗೂಡಿಗೂ ಬಿಳಿ ದಾರದ ಚೂರಿನಂಥ ಮೊಟ್ಟೆ. ತವರಿನ ಪೆಟ್ಟಿಗೆಯಲ್ಲಿ ಅಲ್ಲೊಂದು, ಇಲ್ಲೊಂದು. ರಾಣಿಯ ರೆಕ್ಕೆ ಹರಿದಿತ್ತು.

“ಈಕಿನ್ನ ತಗದು ಎರಡೂ ಪೆಟಗಿ ಕೂಡಿಸೂಣ್ರಿ,” ಎಂದಳು.

ಕಾಕಾ ಕೈ ಹಿಂದೆ ತೆಗೆದ. “ನಿನ್ನೆ ಚರಗಾ ಚೆಲ್ಲೇವಿ. ಭೂಮಿತಾಯಿ ಬಸರ ಅದಾಳು. ಇಂಥಾದ್ರಾಗ ಹೆಣ್ಣಜೀವಾ ತಗೀಲೇನು? ದೀಪಾವಳಿ ಆಗಲಿ.”

“ಅಲ್ಲೀತನಕಾ ಹುಳಾ ಉಳಿಬೇಕಲ್ರಿ? ಇದರಾಗ ದುಡಿಯೂವೆಲ್ಲಾ ಹೆಣ್ಣಜೀವಾನ. ಒಬ್ಬಾಕಿ ಸಲುವಾಗಿ ಅವನ್ನೆಲ್ಲಾ ಕೊಲ್ಲತೀರೇನು?”

ನಾನು ಕಾಕಾನ ಪರ ವಹಿಸಿದೆ. “ಹುಳಾನ ಹೊಸಾ ರಾಣೀನ್ನ ಸಾಕ್ಕೊಂಡ್ರ?”

“ಸಾಕೂದ್ರಾಗ ಕುಸುಬಿ ಹೂವಾ ಉದರಿರತಾವು. ನಿನಗ ಕಪ್ಪು ಆಮ್ಯಾಗ ಕೊಡತೇನಿ, ಮೊದಲ ಮುಚ್ಚಳಾ ನೆಟ್ಟಗ ಹಿಡಿ.”

ಕಾಕಾ ನಕ್ಕು ಮುಖ ತಿರುಗಿಸಿದ. ಚಿಗವ್ವ ಎರಡು ಬೆರಳಲ್ಲಿ ರಾಣಿಯನ್ನು ಎತ್ತಿ, ಒತ್ತಿ, ಮಣ್ಣಿಗೆ ಹಾಕಿದಳು. ಅತ್ತಳೇ? ಹುಳಗಳಿಗೆ ಹಿಡಿದ ಸಗಣಿ ಕುಳ್ಳಿನ ಹೊಗೆಗೆ ಕಣ್ಣು ಕೆಂಪಾಗಿದ್ದು ನಿಜ. ನನ್ನವೂ ಆಗಿದ್ದವು.

ಸಂಜೆ ಎರಡು ಪೆಟ್ಟಿಗೆಗಳ ನಡುವೆ ಪೇಪರಿನ ಹಾಳೆ ಇಟ್ಟು ಒಂದರ ಮೇಲೊಂದು ಕೂರಿಸಿದರು. ಹುಳಗಳು ಜಗಳವಿಲ್ಲದೆ ಹಾಳೆ ಕಡಿದು ಒಂದಾದವು. ಕುಸುಬೆಯ ಕಾಲಕ್ಕೆ ಪೆಟ್ಟಿಗೆ ಎತ್ತಲು ಇಬ್ಬರು ಬೇಕಾದರು.

ಆದರೆ ಅಂದು ಮನೆಗೆ ಬಂದು ಮುದಿ ರಾಣಿಯನ್ನು ತೆಗೆದ ಸುದ್ದಿ ನಾನು ಹೇಳುತ್ತಲೇ ಅಮ್ಮ, ಅಂದರೆ ಕಾಕಾನ ತಾಯಿ, ಬಾಗಿಲಲ್ಲೇ ಕೇಳಿದಳು: “ಸೀಗಿ ಹುಣ್ಣಿವಿ ಮರುದಿನಾ ಆ ಜೀವಾ ಯಾರು ತಗದ್ರು?”

ಕಾಕಾ ಕಾಲು ತೊಳೆಯುತ್ತಲೇ “ನಾನ” ಎಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಚಿಗವ್ವ ರೊಟ್ಟಿ ಬಡಿಯಲು ಒಳಗೆ ಹೋಗಿದ್ದಳು.

ಹೊಲದಲ್ಲಿ ಅಷ್ಟು ವಾದ ಮಾಡಿದವಳು ನೀನು, ಚಿಗವ್ವ. ಕಾಕಾ “ನಾನ” ಅಂದಾಗ ಯಾಕ ಸುಮ್ಮನಾದಿ?