ಮೂರನೇ ಬಾಟಲಿ

ತಾರಾನಾಥಣ್ಣನಿಗೆ ಯಾರ ಮೇಲೂ ನಂಬಿಕೆ ಇಲ್ಲ. ಡೊಂಬಿವಲಿಯ ಅವರ ಸೊಸೈಟಿಯಲ್ಲಿ ಇದು ಗೊತ್ತಿಲ್ಲದವರೇ ಇಲ್ಲ. ಹಾಲಿನವನ ಹಾಲನ್ನು ಉಗುರಿನ ಮೇಲೆ ಬಿಟ್ಟು ನೋಡುತ್ತಾರೆ. ಗ್ಯಾಸ್ ಸಿಲಿಂಡರನ್ನು ತೂಗಿಸದೆ ಒಳಗೆ ಬಿಡುವುದಿಲ್ಲ. ಲಿಫ್ಟ್ ರಿಪೇರಿಗೆ ಬಂದವನು ಹಳೇ ಪಾರ್ಟನ್ನೇ ಒರೆಸಿ ಹಾಕಿಬಿಟ್ಟಾನು ಎಂದು ಅವನ ಬೆನ್ನ ಹಿಂದೆಯೇ ನಿಂತಿರುತ್ತಾರೆ. ಮಾಜಿವಾಡಾದ ಒಂದು ಬಾರಿನ ಕೌಂಟರಿನಲ್ಲಿ ಇಪ್ಪತ್ತೆಂಟು ವರ್ಷ ಪೆಗ್ಗು ಅಳೆದುಕೊಟ್ಟು ಮೊನ್ನೆ ಮೊನ್ನೆ ರಿಟೈರ್ ಆದವರು. ಉಡುಪಿ ಕಡೆಯಿಂದ ಬಂದು ಗ್ಲಾಸು ತೊಳೆಯುವುದರಿಂದ ಶುರು ಮಾಡಿ ಕೌಂಟರಿಗೆ ಏರಿದ್ದು, ಎರಡು ಕೋಣೆಯ ಮನೆ ಮಾಡಿದ್ದು, ಒಬ್ಬಳೇ ಮಗಳನ್ನು ಓದಿಸಿದ್ದು, ಎಲ್ಲ ಅದೇ ಕೆಲಸದಲ್ಲಿ.

ಆ ಮಗಳು ಅಶ್ಮಿತಾ ಒಂದು ದಿನ ತನಗೊಬ್ಬ ಹುಡುಗ ಇಷ್ಟವಾಗಿದ್ದಾನೆ ಎಂದಳು. ಹೃಷೀಕೇಶ ಅಂತ, ಮರಾಠಿಯವನು, ಸಾನಪಾಡಾದಲ್ಲಿ ಮನೆ. ಅಷ್ಟಕ್ಕೆ ತಾರಾನಾಥಣ್ಣನ ತಕರಾರಿರಲಿಲ್ಲ. ಕೆಲಸ ಏನೆಂದು ಕೇಳಿದ ಮೇಲೆ ಶುರುವಾಯಿತು ನೋಡಿ. ಕಂಪನಿ ಕೆಲಸ ಬಿಟ್ಟು ಭಾನುವಾರ ಭಾನುವಾರ ಕ್ಲಾಸ್ ನಡೆಸುತ್ತಾನಂತೆ. ಮಾಂಸವನ್ನು ಹೊಗೆಯಲ್ಲಿ ಬೇಯಿಸುವುದನ್ನು ಕಲಿಸುವುದು, ಕೊನೆಗೆ ಬರ್ಬನ್ ಎಂಬ ಅಮೆರಿಕದ ವಿಸ್ಕಿಯ ರುಚಿ ತೋರಿಸುವುದು. ಅಲ್ಲ, ಕೋಳಿಗೆ ಹೊಗೆ ಕೊಡುವುದಕ್ಕೂ ಒಂದು ಕ್ಲಾಸಾ? ವಿಸ್ಕಿ ಬೇರೆ! ಕುಡಿಸುವ ಧಂದೆಯಲ್ಲಿ ಸಾಚಾ ಆಗಿ ಉಳಿದವನನ್ನು ತಾನು ಕಂಡೇ ಇಲ್ಲ ಎಂದು ತಾರಾನಾಥಣ್ಣ ಹೆಂಡತಿ ಪ್ರಫುಲ್ಲಾಳ ಮುಂದೆ ಗೊಣಗಿದರು. ಪ್ರಫುಲ್ಲಾ ಅವರನ್ನೊಮ್ಮೆ ನೋಡಿ ಅಕ್ಕಿ ಆರಿಸತೊಡಗಿದಳು. ಅಪ್ಪ ಬೇಡವೆಂದರೆ ತಾನು ಮದುವೆಯಾಗುವುದಿಲ್ಲ ಎಂದು ಮಗಳು ಮಾತು ಕೊಟ್ಟಿದ್ದಳು. ಬೇಡ ಅನ್ನಲು ತಾರಾನಾಥಣ್ಣನಿಗೆ ಒಂದೇ ಒಂದು ಕಾರಣ ಸಿಕ್ಕಿದರೆ ಸಾಕಿತ್ತು.

ಪಕ್ಕದ ಮನೆಯ ಗುರುನಾಥರನ್ನು ಹಿಡಿದು, ಅವರ ಮೊಬೈಲಿನಿಂದ ಅವರದೇ ಹೆಸರಿನಲ್ಲಿ ಹೃಷೀಕೇಶನ ಕ್ಲಾಸಿಗೆ ಒಂದು ಸೀಟು ಬುಕ್ ಮಾಡಿಸಿದರು. ಮನೆಯವರಿಗೆ, ಕಲ್ಯಾಣದಲ್ಲಿ ಊರವರ ಸಂಘದ ಮೀಟಿಂಗ್ ಉಂಟು ಎಂದರು. ಭಾನುವಾರ ಠಾಣೆಗೆ ಬಂದು ಲೋಕಲ್ ಗಾಡಿ ಬದಲಿಸಿ, ಹಳಿ ರಿಪೇರಿಗೆಂದು ಗಾಡಿ ತಡೆಯುವ ಮೆಗಾಬ್ಲಾಕಿಗೆ ಬಯ್ಯುತ್ತ ಸಾನಪಾಡಾ ಮುಟ್ಟಿದಾಗ ಹನ್ನೊಂದು ಗಂಟೆ.

ಹೃಷೀಕೇಶನ ರೋ ಹೌಸಿನ ಹಿತ್ತಲಲ್ಲಿ ಹದಿನಾಲ್ಕು ಜನ ಏಪ್ರನ್ ಕಟ್ಟಿಕೊಂಡು ನಿಂತಿದ್ದರು. ನಡುವೆ ಒಂದು ಕಬ್ಬಿಣದ ಡ್ರಮ್ಮು. ಹುಡುಗ ತೆಳ್ಳಗಿದ್ದ, ಸಣ್ಣ ದನಿಯಲ್ಲಿ ಮಾತಾಡುತ್ತಿದ್ದ. ಸಣ್ಣ ದನಿಯವರನ್ನು ತಾರಾನಾಥಣ್ಣ ಹೆಚ್ಚು ನಂಬುವುದಿಲ್ಲ. ಪೇರಳೆ ಮರದ ತುಂಡು ಹಾಕಿದ್ದೇನೆ ಎಂದು ಅವನು ಹೇಳಿದ್ದೇ ತಡ, ಇವರು ಒಂದು ತುಂಡು ಎತ್ತಿ ಮೂಸಿ ನೋಡಿದರು. ಪೇರಳೆಯದೇ. ಮಾಂಸ ತಾಜಾ ಎಂದ. ಬೆರಳಿಂದ ಒತ್ತಿ ನೋಡಿದರು, ತಾಜಾ. ಮೂರು ಗಂಟೆ ಸಣ್ಣ ಹೊಗೆಯಲ್ಲಿ ಬೇಯಬೇಕು, ಯಾರೂ ಮುಚ್ಚಳ ತೆಗೆಯಬಾರದು ಎಂದಾಗ ಸಂಶಯ ಇನ್ನೂ ಜೋರಾಯಿತು. ಒಳಗೆ ಹಾಕಿದ ಕೋಳಿಯೇ ಹೊರಗೆ ಬರುತ್ತದೆ ಎಂದು ಏನು ಗ್ಯಾರಂಟಿ? ಎರಡು ಸಲ ಕದ್ದು ಮುಚ್ಚಳ ಎತ್ತಿ ಕಣ್ಣಲ್ಲಿ ನೀರು ತುಂಬಿಸಿಕೊಂಡರು. ಹೃಷೀಕೇಶ ನಗುತ್ತಲೇ, ಬಿಸಿ ಹೊರಗೆ ಹೋಗುತ್ತದೆ ಕಾಕಾ, ಇಲ್ಲಿ ಕೂತುಕೊಳ್ಳಿ ಎಂದು ಕುರ್ಚಿ ಕೊಟ್ಟ. ಕೋಳಿ ಮಾತ್ರ ಚೆನ್ನಾಗಿತ್ತು. ಅದು ತಾರಾನಾಥಣ್ಣನಿಗೆ ಸರಿಬರಲಿಲ್ಲ.

ಆಮೇಲೆ ಮೇಜಿನ ಮೇಲೆ ನಾಲ್ಕು ಬಾಟಲಿ ಬಂತು. ತಾರಾನಾಥಣ್ಣ ನೆಟ್ಟಗೆ ಕೂತರು.

ಇನ್ನು ಇದು ಅವರ ಸಾಮ್ರಾಜ್ಯ. ಮೊದಲನೆಯದು ಸರಿ, ಎರಡನೆಯದೂ ಸರಿ. ಮೂರನೇ ಬಾಟಲಿಯ ಮೇಲೆ ಕಣ್ಣು ನಿಂತಿತು. ಮುಚ್ಚಳದ ಬಳೆಯ ಕೆಳಗೆ ಕೂದಲೆಳೆಯಷ್ಟು ಗೋಂದಿನ ಹೊಳಪು. ಬೇರೆಯವರಿಗೆ ಕಾಣುವಂಥದ್ದಲ್ಲ. ತಾರಾನಾಥಣ್ಣನಿಗೆ ಕಾಣದೆ ಇರುತ್ತದಾ? ಬಿಸಿನೀರಿನಲ್ಲಿ ಮುಚ್ಚಳ ಅದ್ದಿ, ಬಳೆ ಮುರಿಯದ ಹಾಗೆ ಬಿಡಿಸಿ, ಅಗ್ಗದ ಮಾಲಿಗೆ ಸುಟ್ಟ ಸಕ್ಕರೆಯ ಬಣ್ಣ ಕೂಡಿಸಿ ಹೊಯ್ದು, ಮತ್ತೆ ಅಂಟಿಸುವ ಕೆಲಸವನ್ನು ಅವರು ತಮ್ಮ ಕೈಯಾರೆ ಇಪ್ಪತ್ತಾರು ವರ್ಷ ಮಾಡಿದ್ದರು. ಕೌಂಟರಿಗೆ ಬಂದು ಎರಡು ವರ್ಷವಾದ ಮೇಲೆ ಬಾರಿನ ಮಾಲೀಕ ಸೇಠರು ಹೇಳಿದ್ದು, ಇವರು ಮಾಡಿದ್ದು. ಮೊದಲ ವಾರ ಗಿರಾಕಿಯ ಮುಖ ನೋಡದೆ ಪೆಗ್ಗು ಅಳೆದಿದ್ದರು. ಆಮೇಲೆ ಅಭ್ಯಾಸವಾಯಿತು. ಜಗತ್ತಿನ ಮೇಲಿನ ಆ ಸಂಶಯವೆಲ್ಲ ಎಲ್ಲಿಂದ ಬಂತು ಅಂದುಕೊಂಡಿರಿ?

ಇವನದೇ ಕೈಚಳಕ ಎಂದು ಅವರು ತೀರ್ಮಾನ ಮಾಡಿಬಿಟ್ಟರು. ಖುಷಿಯಾಯಿತು, ಸುಳ್ಳು ಯಾಕೆ ಹೇಳಬೇಕು? ಕಾರಣ ಸಿಕ್ಕಿತ್ತು. ಅವನು ಹದಿನಾಲ್ಕು ಗ್ಲಾಸಿಗೂ ಹೊಯ್ಯಲಿ, ಆಮೇಲೆ ಎದ್ದು ಎಲ್ಲರ ಮುಂದೆ ಮಾನ ಕಳೆಯುತ್ತೇನೆ ಎಂದು ಕಾದು ಕೂತರು.

ಹೃಷೀಕೇಶ ಮೂರನೆಯದನ್ನು ತೆರೆದು ಪದ್ಧತಿಯಂತೆ ಮೊದಲು ತನ್ನ ಗ್ಲಾಸಿಗೆ ಎರಡು ಹನಿ ಬಿಟ್ಟುಕೊಂಡ. ಮೂಸಿದ. ನಾಲಿಗೆಗೆ ಮುಟ್ಟಿಸಿದ. ಮತ್ತೊಮ್ಮೆ ಮೂಸಿದ. ಜನ ಗ್ಲಾಸು ಚಾಚಿಕೊಂಡು ನಿಂತಿದ್ದರು. ಅವನು ಬಾಟಲಿಯನ್ನು ಪಕ್ಕಕ್ಕಿಟ್ಟು, ಇದು ಅಸಲಿ ಅಲ್ಲ, ನನಗೆ ಯಾರೋ ಟೋಪಿ ಹಾಕಿದ್ದಾರೆ, ಇದನ್ನು ನಿಮಗೆ ಕೊಡುವುದಿಲ್ಲ, ಮುಂದಿನ ಭಾನುವಾರ ಬಂದರೆ ಬೇರೆ ತೆರೆಯುತ್ತೇನೆ ಎಂದ. ಕಿವಿಯವರೆಗೆ ಕೆಂಪಾಗಿದ್ದ. ಮೂಲೆಯ ಮೋರಿಗೆ ಹೋಗಿ ಅಷ್ಟನ್ನೂ ಸುರಿದುಬಿಟ್ಟ.

ತಾರಾನಾಥಣ್ಣನಿಗೆ ಮೊದಲು ಬಂದದ್ದು ಸಿಟ್ಟು. ಆಮೇಲೆ ಹೊಸ ಸಂಶಯ: ಇದೂ ಒಂದು ನಾಟಕ ಇರಬಹುದು, ಚಹಾದ ನೀರು ತುಂಬಿಸಿಟ್ಟು ಸುರಿದು ಹೆಸರು ತೆಗೆದುಕೊಳ್ಳುವುದು. ಜನ ನಾಲ್ಕನೇ ಬಾಟಲಿಯ ಕಡೆ ತಿರುಗಿದ್ದೇ ಇವರು ಮೋರಿಯ ಹತ್ತಿರ ಹೋದರು. ಅಂಚಿನಲ್ಲಿ ಉಳಿದ ಹನಿಯನ್ನು ಬೆರಳಲ್ಲಿ ತೆಗೆದು ಅಂಗೈಗೆ ತಿಕ್ಕಿ ಮೂಸಿದರು. ಸುಟ್ಟ ಸಕ್ಕರೆಯ ವಾಸನೆ. ನಿದ್ದೆಯಲ್ಲೂ ಗುರುತಿಸಬಲ್ಲ ವಾಸನೆ. ತಲೆ ಎತ್ತಿದರೆ ಹೃಷೀಕೇಶ ಎದುರಿಗೇ ನಿಂತು ನೋಡುತ್ತಿದ್ದ.

ತಾರಾನಾಥಣ್ಣ ಅಂಗೈ ಒರೆಸಿಕೊಳ್ಳುತ್ತ ಹಿಂದಿಯಲ್ಲಿ ಕೇಳಿದರು, "ಹೊಯ್ದಿದ್ದರೆ ಇಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಯಾಕೆ ಹೊಯ್ಯಲಿಲ್ಲ?"

"ನನಗೆ ಗೊತ್ತಾಯ್ತಲ್ಲ, ಕಾಕಾ," ಎಂದ ಅವನು, ಇದೇನು ಪ್ರಶ್ನೆ ಎಂಬಂತೆ.

ಸೀಟು ಗುರುನಾಥರ ಹೆಸರಿನಲ್ಲಿತ್ತು, ಅವನಿಗೆ ಇವರು ಯಾರೆಂದು ಗೊತ್ತಿರಲು ಸಾಧ್ಯವೇ ಇರಲಿಲ್ಲ. ಮೆಚ್ಚಿಸಲು ಮಾಡಿದ್ದು ಎನ್ನುವ ದಾರಿಯೂ ಮುಚ್ಚಿತು. ತಾರಾನಾಥಣ್ಣ ನಾಲ್ಕನೆಯದಕ್ಕೆ ಕಾಯದೆ ಸ್ಟೇಶನ್ನಿಗೆ ನಡೆದರು. ಗಾಡಿಯಲ್ಲಿ ಕೂರಲು ಸೀಟು ಸಿಕ್ಕಿತು, ಕೂರಲು ಮನಸ್ಸಾಗಲಿಲ್ಲ. ಠಾಣೆಯವರೆಗೂ ಬಾಗಿಲಲ್ಲೇ ನಿಂತಿದ್ದರು. ಇಪ್ಪತ್ತಾರು ವರ್ಷದಲ್ಲಿ ಒಂದು ಬಾಟಲಿ, ಒಂದೇ ಒಂದು, ತಾನು ಮೋರಿಗೆ ಸುರಿದದ್ದುಂಟಾ ಎಂದು ನೆನಪು ಮಾಡಿಕೊಂಡರು. ಇಲ್ಲ.

ಬಾಗಿಲು ತೆಗೆದ ಪ್ರಫುಲ್ಲಾ ಅಂಗಿಯ ಹೊಗೆ ವಾಸನೆಗೇ ಎಲ್ಲ ತಿಳಿದುಕೊಂಡಳು. "ಸಂಘದ ಮೀಟಿಂಗ್ ಜೋರಿತ್ತಾ?" ಎಂದಷ್ಟೇ ಕೇಳಿ ಒಳಗೆ ಹೋದಳು. ಅಶ್ಮಿತಾಳ ಮುಖ ಬಿಳಿಚಿತು.

"ಪಪ್ಪಾ, ನೀವು ಅಲ್ಲಿಗೆ ಹೋಗಿದ್ರಾ? ಏನು ತಪ್ಪು ಸಿಕ್ತು, ಹೇಳಿಬಿಡಿ."

"ಅವನಲ್ಲಿ ಸಿಗಲಿಲ್ಲ ಮಗಾ," ಎಂದು ತಾರಾನಾಥಣ್ಣ ಕುರ್ಚಿಯ ಅಂಚಿನಲ್ಲಿ ಕೂತರು. "ಆ ಕೌಂಟರಿನ ಹಿಂದೆ ನಿನ್ನಪ್ಪ ಏನು ಕೆಲಸ ಮಾಡ್ತಿದ್ದ ಅಂತ ನಿನಗೆ ಗೊತ್ತಿಲ್ಲ. ಮೊದಲು ನೀನು ಕೇಳು. ಆಮೇಲೆ ಅವನಿಗೂ ಹೇಳು. ಅಷ್ಟು ಕೇಳಿದ ಮೇಲೂ ಅವ ಈ ಮನೆಗೆ ಬರ್ತೇನೆ ಅಂದ್ರೆ, ನಾನು ಬೇಡ ಅನ್ನುವುದಿಲ್ಲ."

ಇಷ್ಟು ವರ್ಷ ಎಲ್ಲ ಗೊತ್ತಿದ್ದೂ ಸುಮ್ಮನಿದ್ದ ಪ್ರಫುಲ್ಲಾ ಗ್ಯಾಸ್ ಆರಿಸಿ ಬಂದು ಮಗಳ ಪಕ್ಕದಲ್ಲಿ ಕೂತಳು. ತಾರಾನಾಥಣ್ಣ ಬಾಟಲಿಗೆ ಕೈ ಹಾಕಿದ ಆ ಮೊದಲ ವಾರದಿಂದಲೇ ಹೇಳತೊಡಗಿದರು.