ಎರೆಮಣ್ಣಿನಲ್ಲಿ ನಾಲ್ಕೂ ಚಕ್ರ

ಗೆಳೆಯರೇ, ಸೀಗಿ ಹುಣ್ಣಿಮೆಗೆ ಭೂಮಿತಾಯಿಗೆ ಬುತ್ತಿಯ ಎಡೆ, ಅಂದರೆ ಚರಗ, ಚೆಲ್ಲಲು ಇವತ್ತು ಅವ್ವ, ಹೆಂಡತಿ, ಮಗಳನ್ನು ಹೊಸ ಕಾರಿನಲ್ಲೇ ಹೊಲಕ್ಕೆ ಕರೆದೊಯ್ದೆ. ನಿನ್ನೆಯ ಮಳೆಗೆ ಎರೆಮಣ್ಣಿನ ದಾರಿ ಹಸಿಯಾಗಿತ್ತು.

"ಇಲ್ಲೇ ನಿಂದರಿಸ್ರಿ, ನಡಕೊಂತ ಹೋಗೂಣು," ಅಂದಳು ಹೆಂಡತಿ.

"ಇದರಾಗ ನಾಲ್ಕೂ ಗಾಲಿ ಎಳೀತಾವ. ಸುಮ್ಮ ಕುಂದ್ರು," ಅಂದೆ.

ಕೃಷಿಹೊಂಡದ ಹತ್ತಿರ ಕಾರು ಅಡ್ಡಡ್ಡ ಜಾರತೊಡಗಿತು. ಬ್ರೇಕ್ ತುಳಿದರೂ ನಿಲ್ಲಲಿಲ್ಲ. ಕಿಟಕಿಯ ಕೆಳಗೆ ಹೊಂಡದ ತುಂಬಾ ನೀರು. ಮಗಳು ಕಿರುಚಿದಳು. ಅಂಚಿನ ಜಾಲಿಗಿಡಕ್ಕೆ ತಾಗಿ ಕಾರು ನಿಂತಿತು.

ಆಚೆ ಬದಿಯ ಬಾಗಿಲಿನಿಂದ ಉಸಿರು ಹಿಡಿದು ಒಬ್ಬೊಬ್ಬರಾಗಿ ಇಳಿದೆವು. ಅವ್ವ ಅಲ್ಲೇ ಬುತ್ತಿ ಬಿಚ್ಚಿದಳು. "ಭೂಮಿತಾಯಿಗೆ ಆಮ್ಯಾಲ. ಮೊದಲ ಈ ಜಾಲಿತಾಯಿಗೆ," ಎಂದು ಗಿಡಕ್ಕೆ ಚರಗ ಚೆಲ್ಲಿದಳು.

ನಾಲ್ಕೂ ಚಕ್ರ ಕೂಡಿ ಕೆಲಸ ಮಾಡುತ್ತವೆ ಎಂದು ಶೋರೂಮಿನವರು ಹೇಳಿದ್ದು ಖರೇ. ಹೊಂಡದ ಕಡೆಗೂ ಕೂಡಿಯೇ ಹೊರಟಿದ್ದವು.